ಹೆಬ್ಬಾತಿನ ಹಿಕ್ಕೆ ಪರೀಕ್ಷೆಗೆ ಬಣ್ಣದ ಪ್ಲೇಟ್ ಬೇಕೇ? ತುಂಗಭದ್ರಾ ಹಿನ್ನೀರಿನ ಕಡೆಯ ಲ್ಯಾಬ್‌ಗಳಿಗೆ ಸಾಮಾನು ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಇಎಸ್‌ಬಿಎಲ್ ಎಂದರೆ ಪೆನಿಸಿಲಿನ್, ಸೆಫಲೋಸ್ಪೊರಿನ್ ಗುಂಪಿನ ಔಷಧಗಳನ್ನು ಒಡೆಯುವ ಕಿಣ್ವ. ಅದು ಇರುವ ಬ್ಯಾಕ್ಟೀರಿಯಾ ಹುಡುಕಲು ಸಿಗುವ ರೆಡಿ ಬಣ್ಣದ ಪ್ಲೇಟ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ತುಂಬಿದ ಕ್ರೋಮೊಜೆನಿಕ್ ಅಗರ್ ಪ್ಲೇಟ್, ಒಳ್ಳೆಯ ಸಾಮಾನು. ಆದರೂ ಕೊಪ್ಪಳ, ಬಳ್ಳಾರಿ, ರಾಯಚೂರಿನ ಕಾಲೇಜು ಲ್ಯಾಬ್ ಒಂದು ವಲಸೆ ಹಕ್ಕಿಗಳ ಹಿಕ್ಕೆ ಪರೀಕ್ಷೆಗೆ ಇಳಿಯುವಾಗ ಮೊದಲ ದುಡ್ಡು ಅದಕ್ಕೆ ಹಾಕಬಾರದು. ಮೊದಲು ಒಳ್ಳೆಯ ಸ್ವಾಬ್ (ಮಾದರಿ ಒರೆಸಿ ತೆಗೆಯುವ ಕಡ್ಡಿ), ಆಮೇಲೆ ತಂಪು ಹಿಡಿದಿಡುವ ಡಬ್ಬಿ, ಮೂರನೆಯದಾಗಿ ಡಿಸ್ಕ್‌ಗಳು (ಔಷಧ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳು) ಮತ್ತು ಗೊತ್ತಿರುವ ಗುಣದ ಕಂಟ್ರೋಲ್ ತಳಿಗಳು. ಪ್ಲೇಟನ್ನು ಲ್ಯಾಬಿನಲ್ಲೇ ಮಾಡಿಕೊಳ್ಳಬಹುದು. ನಮ್ಮ ಕಡೆಯ ಬಿಸಿಲಿನಲ್ಲಿ ಫಲಿತಾಂಶ ಕೆಡುವುದು ಬಹುಪಾಲು ಹಿನ್ನೀರಿನ ದಂಡೆಗೂ ಲ್ಯಾಬಿನ ಫ್ರಿಜ್ಜಿಗೂ ನಡುವಿನ ದಾರಿಯಲ್ಲಿ. ಪ್ಲೇಟಿನ ಬಣ್ಣ ಎಷ್ಟೇ ಚೆಂದವಿದ್ದರೂ ದಾರಿಯಲ್ಲಿ ಕೆಟ್ಟದ್ದನ್ನು ಸರಿಮಾಡಲಾರದು.

ಈ ಪರೀಕ್ಷೆ ಯಾಕೆ ಎಂದು ಕೇಳುವವರಿಗೆ ಎರಡು ಮಾತು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ತುಂಗಭದ್ರಾ ಹಿನ್ನೀರಿಗೂ ಸುತ್ತಲಿನ ಕೆರೆಗಳಿಗೂ ಬರುತ್ತವೆ. ಜೊತೆಗೆ ಸೂಜಿಬಾಲದ ಬಾತು, ಚಲುಕ ಬಾತು, ಗದ್ದೆಗಳಲ್ಲಿ ಇಳಿಯುವ ಗೊರವಗಳು. ಈ ಹಕ್ಕಿಗಳಿಗೆ ಯಾರೂ ಆಂಟಿಬಯೋಟಿಕ್ ಕೊಟ್ಟಿಲ್ಲ. ಆದರೂ ಅವುಗಳ ಕರುಳಿನಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಸಿಗುತ್ತದೆ. ಸೈಬೀರಿಯಾ, ಅಲಾಸ್ಕಾ, ಗ್ರೀನ್‌ಲ್ಯಾಂಡ್‌ಗಳ ಧ್ರುವ ಪ್ರದೇಶದ ಹಕ್ಕಿಗಳಿಂದ ತೆಗೆದ 97 ಇ. ಕೊಲೈ (ಕರುಳಿನ ಒಂದು ಸಾಮಾನ್ಯ ಬ್ಯಾಕ್ಟೀರಿಯಾ) ಮಾದರಿಗಳಲ್ಲಿ 8 ಕನಿಷ್ಠ ಒಂದು ಔಷಧಕ್ಕಾದರೂ ಜಗ್ಗಲಿಲ್ಲ ಎಂದು 2008ರಲ್ಲೇ ಪ್ರಕಟವಾಗಿದೆ. ಆಸ್ಪತ್ರೆಯೂ ಕೋಳಿ ಫಾರಂ ಕೂಡ ಕಣ್ಣಿಗೆ ಬೀಳದ ನೆಲ ಅದು. ಕೊನೆಯ ಅಸ್ತ್ರವೆನಿಸಿದ ಔಷಧಗಳಿಗೂ ಬ್ಯಾಕ್ಟೀರಿಯಾ ಜಗ್ಗದಂತೆ ಮಾಡುವ, 2009ರಲ್ಲಿ ಮೊದಲು ವರದಿಯಾದ ಎನ್‌ಡಿಎಂ-1 ಜೀನ್ 2013ರ ಹೊತ್ತಿಗೆ ಜರ್ಮನಿಯಲ್ಲಿ ಒಂದು ಕರಿಹದ್ದಿನ ಸಾಲ್ಮೊನೆಲ್ಲಾದಲ್ಲಿ ಪತ್ತೆಯಾಗಿತ್ತು. ಹಕ್ಕಿ ಇದನ್ನು ಹುಟ್ಟಿಸುವುದಿಲ್ಲ. ಚರಂಡಿ ಸೇರಿದ ನೀರು, ಕಸದ ತಿಪ್ಪೆ, ಕೋಳಿ ಗೊಬ್ಬರ ಹಾಕಿದ ಹೊಲ, ಇಂಥ ಕಡೆ ಮೇಯ್ದು ಎತ್ತಿಕೊಳ್ಳುತ್ತದೆ, ಇನ್ನೊಂದು ನೀರಿನಲ್ಲಿ ಬಿಡುತ್ತದೆ. ಆದ್ದರಿಂದ ಹಿಕ್ಕೆಯ ಪರೀಕ್ಷೆ ಎಂದರೆ ನಮ್ಮದೇ ನೀರು, ನಮ್ಮದೇ ಹೊಲದ ಪರೀಕ್ಷೆ.

ಸ್ವಾಬಿನಿಂದ ಶುರುಮಾಡೋಣ. ಅಂಗಡಿಯಲ್ಲಿ ಮೂರು ಥರ ಸಿಗುತ್ತವೆ. ಮರದ ಕಡ್ಡಿಗೆ ಹತ್ತಿ ಸುತ್ತಿದ ಒಣ ಸ್ವಾಬ್ ಅಗ್ಗ, ಆದರೆ ಬೇಡ. ಹತ್ತಿಯಲ್ಲಿರುವ ಕೊಬ್ಬಿನ ಆಮ್ಲವೂ ಮರದ ಅಂಶಗಳೂ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಮೇಲಾಗಿ ಒಣ ಸ್ವಾಬು ಫೆಬ್ರವರಿಯ ಗಾಳಿಗೆ ಬೇಗ ಒಣಗಿ ಮಾದರಿಯೂ ಅದರೊಂದಿಗೆ ಸತ್ತುಹೋಗುತ್ತದೆ. ಎರಡನೆಯದು ಪ್ಲಾಸ್ಟಿಕ್ ಕಡ್ಡಿಯ ರೇಯಾನ್ ಅಥವಾ ಪಾಲಿಯೆಸ್ಟರ್ ತುದಿ, ಕ್ಯಾರಿ-ಬ್ಲೇರ್ ಮಾಧ್ಯಮದ ಟ್ಯೂಬಿನ ಜೊತೆ ಬರುವುದು. ನಮ್ಮ ಕೆಲಸಕ್ಕೆ ಸಾಕಾದದ್ದು ಇದೇ. ಮೂರನೆಯದು ನೈಲಾನ್ ಎಳೆಗಳನ್ನು ನೆಟ್ಟಗೆ ನಿಲ್ಲಿಸಿದ ಫ್ಲಾಕ್ಡ್ ಸ್ವಾಬ್. ಹಿಡಿದ ಮಾದರಿಯನ್ನು ಚೆನ್ನಾಗಿ ಬಿಟ್ಟುಕೊಡುತ್ತದೆ. ವಸಾಹತು, ಅಂದರೆ ಪ್ಲೇಟಿನ ಮೇಲೆ ಚುಕ್ಕೆಯಾಗಿ ಬೆಳೆದ ಬ್ಯಾಕ್ಟೀರಿಯಾ ಗುಂಪು, ಎಣಿಸುವ ಕೆಲಸವಿದ್ದರೆ ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ಸಾರ್ಥಕ. ಇದೆಯೋ ಇಲ್ಲವೋ ನೋಡುವುದಷ್ಟೇ ಇದ್ದರೆ ಎರಡನೆಯದೇ ಆಗುತ್ತದೆ.

ಕ್ಯಾರಿ-ಬ್ಲೇರ್ ಯಾಕೆ? ಅದರಲ್ಲಿ ಪೋಷಕಾಂಶ ಕಡಿಮೆ, ಪಿಎಚ್ ಸುಮಾರು 8.4, ಫಾಸ್ಫೇಟ್ ಬಫರ್ ಇದೆ. ಕರುಳಿನ ಬ್ಯಾಕ್ಟೀರಿಯಾ ಸಾಯದೆ, ಹಾಗೆಯೇ ಮಿತಿಮೀರಿ ಹೆಚ್ಚಾಗದೆ ಕಾದುಕುಳಿತಿರುತ್ತದೆ. ಕೊಳ್ಳುವಾಗ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಮಾಧ್ಯಮ ಗೋಡೆ ಬಿಟ್ಟು ಕುಗ್ಗಿದ್ದರೆ, ಮೇಲ್ಭಾಗ ಒಣಗಿ ಬಿರುಕು ಬಿಟ್ಟಿದ್ದರೆ, ತಳದಲ್ಲಿ ನೀರು ಬೇರೆಯಾಗಿ ನಿಂತಿದ್ದರೆ ವಾಪಸು ಕೊಡಿ. ಬೇಸಿಗೆಯಲ್ಲಿ ಗೋದಾಮಿನಲ್ಲಿ ಬೆಂದ ಪೆಟ್ಟಿಗೆ ಅದು. ಅವಧಿ ಮುಗಿಯುವ ದಿನಾಂಕ ಇನ್ನೂ ದೂರವಿದೆ ಎಂದು ಅಂಗಡಿಯವರು ವಾದಿಸುತ್ತಾರೆ. ತಂಪಾಗಿಟ್ಟಿದ್ದರೆ ಮಾತ್ರ ಆ ದಿನಾಂಕಕ್ಕೆ ಬೆಲೆ.

ಮಾದರಿ ತೆಗೆಯುವ ರೀತಿ ತಪ್ಪಿದರೆ ಯಾವ ಸ್ವಾಬೂ ಉಳಿಸುವುದಿಲ್ಲ. ಹೆಬ್ಬಾತುಗಳು ರಾತ್ರಿ ಹೊತ್ತು ಹೊಲಗಳಲ್ಲಿ ಮೇಯ್ದು ಹಗಲು ನೀರಂಚಿನಲ್ಲಿ ತಂಗುತ್ತವೆ. ದೂರದಿಂದ ಬೈನಾಕ್ಯುಲರ್‌ನಲ್ಲಿ ಅರ್ಧ ಗಂಟೆಯಾದರೂ ನೋಡಿ, ಒಂದೇ ಜಾತಿಯ ಗುಂಪು ನಿಂತ ಜಾಗ ಗುರುತು ಮಾಡಿಕೊಳ್ಳಿ. ಅವು ತಾವಾಗಿ ಸರಿದ ಮೇಲೆ ಹೋಗಿ. ಓಡಿಸಬೇಡಿ. ಅಷ್ಟು ದೂರದಿಂದ ಹಾರಿ ಬಂದ ಹಕ್ಕಿಗೆ ಕೂತು ಜೀರ್ಣಿಸಿಕೊಳ್ಳುವ ಹೊತ್ತೇ ಬದುಕು. ಹೆಬ್ಬಾತಿನ ಹಿಕ್ಕೆ ಬೆರಳುದ್ದದ ಕೊಳವೆ, ಹಸಿರು ಕಂದು ಬಣ್ಣ, ಒಂದು ತುದಿಗೆ ಸುಣ್ಣ ಹಚ್ಚಿದ ಹಾಗೆ ಬಿಳಿ ಯೂರಿಕ್ ಆಮ್ಲ. ಮುರಿದರೆ ಒಳಗೆ ಹುಲ್ಲಿನ ನಾರು ಕಾಣುತ್ತದೆ. ಮೇಲ್ಮೈ ಇನ್ನೂ ಹೊಳೆಯುತ್ತಿದ್ದರೆ ತಾಜಾ. ಮ್ಯಾಟ್ ಆಗಿ ಅಂಚು ಬಿರಿದಿದ್ದರೆ ಬಿಡಿ, ಬಿಸಿಲು ಆಗಲೇ ತನ್ನ ಕೆಲಸ ಮಾಡಿದೆ. ಕಡ್ಡಿಯಿಂದ ಹಿಕ್ಕೆಯನ್ನು ಬಿಡಿಸಿ, ನೆಲಕ್ಕೆ ತಾಗದ ಮೇಲಿನ ಅರ್ಧದ ಒಳಭಾಗದಲ್ಲಿ ಸ್ವಾಬನ್ನು ಎರಡು ಮೂರು ಸುತ್ತು ತಿರುಗಿಸಿ. ಬಿಳಿ ಭಾಗವನ್ನು ಮುಟ್ಟಬೇಡಿ. ತುದಿಯ ತುಂಬ ಮೆತ್ತಿಕೊಳ್ಳುವುದೂ ಬೇಡ, ಬಣ್ಣ ಹತ್ತಿದರೆ ಸಾಕು. ಒಂದು ಹಿಕ್ಕೆಯಿಂದ ಇನ್ನೊಂದಕ್ಕೆ ಮೂರರಿಂದ ಐದು ಮೀಟರ್ ಅಂತರ ಬಿಟ್ಟರೆ ಒಂದೇ ಹಕ್ಕಿಯ ಹಿಕ್ಕೆಯನ್ನು ಎರಡು ಸಲ ತೆಗೆಯುವ ಸಂಭವ ತಗ್ಗುತ್ತದೆ.

ಹಿನ್ನೀರಿನ ದಂಡೆಯಲ್ಲಿ ಇನ್ನೊಂದು ತೊಡಕು ಇದೆ. ನೀರು ಇಳಿದಂತೆ ಬಯಲಾಗುವ ಆ ಕೆಸರು ನೆಲದಲ್ಲಿ ಕುರಿ ಹಿಂಡುಗಳೂ ಮೇಯುತ್ತವೆ, ದನವೂ ಇಳಿಯುತ್ತದೆ. ಕುರಿ ಹಿಕ್ಕೆ ಗುಂಡಗಿರುವುದರಿಂದ ಕಣ್ಣಿಗೆ ಗೊಂದಲವಿಲ್ಲ. ಆದರೆ ಕುರಿ ತುಳಿದ ಕೆಸರಿನ ಮೇಲೆ ಬಿದ್ದ ಹಿಕ್ಕೆಯಲ್ಲಿ ಯಾರ ಬ್ಯಾಕ್ಟೀರಿಯಾ ಇದೆ ಎಂದು ಹೇಳುವುದು ಕಷ್ಟ. ಆದ್ದರಿಂದ ಅದೇ ಜಾಗದ ಕೆಸರಿನ ಒಂದು ಸ್ವಾಬ್, ನೀರಿನ ಒಂದು ಬಾಟಲಿ, ಕುರಿ ಹಿಕ್ಕೆಯ ಒಂದು ಸ್ವಾಬ್ ಜೊತೆಗಿರಲೇಬೇಕು. ಕೊಯ್ಲಾದ ಭತ್ತದ ಗದ್ದೆಯಲ್ಲಿ ಸಾಕುಬಾತು ಬಿಟ್ಟಿದ್ದರೆ ಅದರದ್ದೂ ಒಂದು. ಇಷ್ಟಲ್ಲದೆ ಒಂದು ಹೊಸ ಸ್ವಾಬನ್ನು ಅಲ್ಲೇ ತೆರೆದು, ಗಾಳಿಯಲ್ಲಿ ಆಡಿಸಿ, ಏನೂ ಮುಟ್ಟಿಸದೆ ಮುಚ್ಚಿ ತನ್ನಿ. ಅದರಲ್ಲಿ ವಸಾಹತು ಬೆಳೆದರೆ ಆ ದಿನದ ಎಲ್ಲ ಮಾದರಿಯನ್ನೂ ಅನುಮಾನಿಸಬೇಕು. ಈ ಖಾಲಿ ಸ್ವಾಬಿನ ಮೇಲೆ ದುಡ್ಡು ಉಳಿಸುವವರ ವರದಿಯನ್ನು ನಾವು ನಂಬುವುದಿಲ್ಲ.

ಇನ್ನು ತಂಪಿನ ಡಬ್ಬಿ. ಥರ್ಮಾಕೋಲ್ ಪೆಟ್ಟಿಗೆ, ಅಂಗಡಿಯಿಂದ ತಂದ ಐಸು: ಹೆಚ್ಚಿನವರು ಇದನ್ನೇ ಒಯ್ಯುತ್ತಾರೆ. ಎರಡು ಗಂಟೆಯಲ್ಲಿ ಐಸು ನೀರಾಗಿ ಟ್ಯೂಬುಗಳು ತೇಲುತ್ತವೆ, ಲೇಬಲ್ಲು ಕಿತ್ತು ಬರುತ್ತದೆ, ಬಾಲ್‌ಪೆನ್ನಿನ ಶಾಯಿ ಹರಡುತ್ತದೆ. ಪೋಲಿಯೊ ಹನಿ ತರುವ ಆ ಲಸಿಕೆ ಡಬ್ಬಿ, ನಾಲ್ಕು ಐಸ್ ಪ್ಯಾಕ್ ಕೂರುವಂಥದ್ದು, ಈ ಕೆಲಸಕ್ಕೆ ಇದಕ್ಕಿಂತ ಉತ್ತಮವಾದದ್ದು ನಮ್ಮ ಪೇಟೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಮುಚ್ಚಳ ಗಟ್ಟಿ, ಪಟ್ಟಿ ಇದೆ, ಬೈಕಿನ ಹಿಂದೆ ಕಟ್ಟಬಹುದು. ಆದರೆ ಫ್ರೀಜರ್‌ನಿಂದ ತೆಗೆದ ಕಲ್ಲಿನಂಥ ಐಸ್ ಪ್ಯಾಕನ್ನು ನೇರ ಹಾಕಿದರೆ ಅದಕ್ಕೆ ತಾಗಿದ ಟ್ಯೂಬು ಹೆಪ್ಪುಗಟ್ಟುತ್ತದೆ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಲಸಿಕೆಯವರು ಮಾಡುವ ಹಾಗೆ ಪ್ಯಾಕನ್ನು ಹೊರಗಿಟ್ಟು, ಅಲುಗಾಡಿಸಿದರೆ ಒಳಗೆ ನೀರು ಸದ್ದು ಮಾಡುವವರೆಗೆ ಕಾಯಬೇಕು. ಆಮೇಲೆ ಹಾಕಿ, ನಡುವೆ ನಾಲ್ಕು ಮಡಿಕೆ ಪತ್ರಿಕೆ ಇಡಿ. ಟ್ಯೂಬುಗಳನ್ನು ಜಿಪ್ ಕವರಿನಲ್ಲಿ ಹಾಕಿ, ಹೆಸರನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಗರಿಷ್ಠ-ಕನಿಷ್ಠ ತೋರಿಸುವ ಸಣ್ಣ ಡಿಜಿಟಲ್ ಥರ್ಮಾಮೀಟರಿನ ತಂತಿ ತುದಿ ಟ್ಯೂಬುಗಳ ನಡುವೆ ಇರಲಿ. 2ರಿಂದ 8 ಡಿಗ್ರಿ ಒಳಗೆ ಇದ್ದರೆ 24 ಗಂಟೆ ನಿಶ್ಚಿಂತೆ. 48 ಗಂಟೆ ದಾಟಿಸಬೇಡಿ.

ಮುನಿರಾಬಾದಿನಿಂದ ಕೊಪ್ಪಳಕ್ಕೋ ಹೊಸಪೇಟೆಯಿಂದ ಬಳ್ಳಾರಿಗೋ ಒಯ್ಯುವುದಾದರೆ ಇಷ್ಟು ಸಾಕು. ರಾಯಚೂರಿಗೆ ಮೂರ್ನಾಲ್ಕು ಗಂಟೆ ದಾರಿ, ಎರಡನೇ ಜೊತೆ ಐಸ್ ಪ್ಯಾಕ್ ಬೇಕು. ಬಸ್ ಪಾರ್ಸಲ್‌ನಲ್ಲಿ ಕಳಿಸುವ ಯೋಚನೆ ಬಿಡಿ. ಡಬ್ಬಿ ಡಿಕ್ಕಿಯಲ್ಲಿ ಎಂಜಿನ್ ಶಾಖಕ್ಕೆ ಕೂರುತ್ತದೆ. ಸೋರಿದರೆ ಯಾರದೋ ಮನೆಯ ಸಾಮಾನಿನ ಮೇಲೆ ಸೋರುತ್ತದೆ. ರೋಗಾಣು ಇರಬಹುದಾದ ಮಾದರಿಗೆ ಮೂರು ಪದರದ ಪ್ಯಾಕಿಂಗ್ ಮತ್ತು ಅದನ್ನು ಒಪ್ಪಿಕೊಳ್ಳುವ ಕೊರಿಯರ್ ಬೇಕು.

ಡಬ್ಬಿ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ, ಸೀಸನ್ನಿಗೆ ಮುಂಚೆ ಮಾಡಿಕೊಳ್ಳಿ. ಎಟಿಸಿಸಿ 25922 ಇ. ಕೊಲೈಯನ್ನು (ಎಟಿಸಿಸಿ ಎಂಬ ತಳಿಸಂಗ್ರಹದ ಕಂಟ್ರೋಲ್ ತಳಿ, ಔಷಧಕ್ಕೆ ಜಗ್ಗುವಂಥದ್ದು) ದ್ರವದಲ್ಲಿ ಕಲಸಿ 0.5 ಮೆಕ್‌ಫರ್ಲ್ಯಾಂಡ್ ಮಂದಕ್ಕೆ, ಅಂದರೆ ಮಬ್ಬಿನ ಗೊತ್ತಾದ ಅಳತೆಗೆ, ತಂದರೆ ಮಿಲಿಲೀಟರಿಗೆ ಸುಮಾರು 15 ಕೋಟಿ ಜೀವಕೋಶ. ಅದನ್ನು ನೂರು ಪಟ್ಟು ತೆಳುಮಾಡಿ, ಎರಡು ಸ್ವಾಬ್ ಅದ್ದಿ. ಒಂದನ್ನು ಕೂಡಲೇ, ಇನ್ನೊಂದನ್ನು ಬಿಸಿಲಲ್ಲಿಟ್ಟ ಡಬ್ಬಿಯಲ್ಲಿ ಒಂದು ದಿನ ಕಳೆದು, ಒಂದೇ ರೀತಿ ತೆಳುಮಾಡಿ ಔಷಧವಿಲ್ಲದ ಪ್ಲೇಟಿಗೆ ಹಚ್ಚಿ ಎಣಿಸಿ. ಎಣಿಕೆ ಹತ್ತರಲ್ಲೊಂದಕ್ಕೆ ಇಳಿದಿದ್ದರೆ ಬ್ಯಾಕ್ಟೀರಿಯಾ ಸಾಯುತ್ತಿದೆ. ಹತ್ತು ಪಟ್ಟು ಏರಿದ್ದರೆ ಡಬ್ಬಿ ಬೆಚ್ಚಗಿದೆ. ನಿಜವಾದ ಹಿಕ್ಕೆಯಲ್ಲಿ ಬೆಚ್ಚಗಾದ ಡಬ್ಬಿ ಇನ್ನೂ ಕೆಟ್ಟದ್ದು. ಪ್ರೋಟಿಯಸ್‌ನಂಥ ವೇಗದ ಬ್ಯಾಕ್ಟೀರಿಯಾ ಮುಂದೆ ಹೋಗಿ ಇ. ಕೊಲೈ ಹಿಂದೆ ಬೀಳುತ್ತದೆ.

ಈಗ ಪ್ಲೇಟಿನ ವಿಷಯ, ವಾದವೆಲ್ಲ ಇಲ್ಲೇ.

ರೆಡಿ ಬಣ್ಣದ ಪ್ಲೇಟಿನಲ್ಲಿ ಸೆಫಲೋಸ್ಪೊರಿನ್ ಗುಂಪಿನ ಔಷಧ ಸೇರಿರುತ್ತದೆ, ಬಣ್ಣ ಕೊಡುವ ರಾಸಾಯನಿಕವೂ ಇರುತ್ತದೆ. ಔಷಧಕ್ಕೆ ಜಗ್ಗದವು ಮಾತ್ರ ಬೆಳೆಯುತ್ತವೆ, ಬೆಳೆದದ್ದು ಯಾವುದೆಂದು ಬಣ್ಣವೇ ಹೇಳುತ್ತದೆ: ಸಾಮಾನ್ಯವಾಗಿ ಇ. ಕೊಲೈ ಗುಲಾಬಿ ಅಥವಾ ಕಡುಗೆಂಪು, ಕ್ಲೆಬ್ಸಿಯೆಲ್ಲಾ ಮತ್ತು ಅದರ ಬಳಗ ನೀಲಿ ಹಸಿರು, ಪ್ರೋಟಿಯಸ್ ಕಂದು. ಬಣ್ಣ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ, ಜೊತೆಗೆ ಬರುವ ಚೀಟಿ ಓದಿಯೇ ನೋಡಬೇಕು. ಒಳ್ಳೆಯ ಗುಣ ಎಂದರೆ ಕೆಸರು ಹತ್ತಿದ ಮಾದರಿಯಲ್ಲಿ ಇದು ತುಂಬಾ ಹೊತ್ತು ಉಳಿಸುತ್ತದೆ. ಕೆರೆ ನೀರಿನಲ್ಲಿ ಸ್ಯೂಡೋಮೊನಾಸ್, ಅಸಿನೆಟೊಬ್ಯಾಕ್ಟರ್ ಇದ್ದೇ ಇರುತ್ತವೆ. ಈ ಔಷಧವನ್ನು ಹುಟ್ಟಿನಿಂದಲೇ ಸಹಿಸುವ ತಳಿಗಳು ಅವುಗಳಲ್ಲಿ ಬಹಳ. ಬಣ್ಣದ ಪ್ಲೇಟಿನಲ್ಲಿ ಅವು ಬೇರೆ ಕಾಣುತ್ತವೆ.

ತೊಡಕು ಸಾಗಾಟದಲ್ಲಿದೆ. ಈ ಪ್ಲೇಟಿಗೆ ತಂಪೂ ಕತ್ತಲೆಯೂ ಬೇಕು. ಬೆಂಗಳೂರು, ಹೈದರಾಬಾದಿನಿಂದ ಹೊರಟ ಪೆಟ್ಟಿಗೆ ಶನಿವಾರ ಬಂದು ಸೋಮವಾರದವರೆಗೆ ಕೊರಿಯರ್ ಆಫೀಸಿನ ತಗಡಿನ ಚಾವಣಿ ಕೆಳಗೆ ಕೂತರೆ ಅಲ್ಲಿಗೆ ಅದರ ಕತೆ ಮುಗಿಯಿತು. ಬಿಚ್ಚಿದ ಕೂಡಲೇ ನೋಡಬೇಕಾದವು: ಮುಚ್ಚಳದಲ್ಲಿ ನೀರ ಹನಿ ನಿಂತಿದೆಯೇ, ಅಗರ್ ಅಂಚಿನಿಂದ ಸರಿದಿದೆಯೇ, ಸೀಳಿದೆಯೇ, ಒಂದು ಪ್ಯಾಕಿನ ಪ್ಲೇಟುಗಳ ಬಣ್ಣ ಇನ್ನೊಂದಕ್ಕಿಂತ ಗಾಢವೇ. ಕಣ್ಣಿಗೆ ಸರಿಯಿದ್ದರೂ ಔಷಧದ ಬಲ ಇಳಿದಿರಬಹುದು. ಬಲ ಇಳಿದ ಪ್ಲೇಟಿನಲ್ಲಿ ಸಾಧಾರಣ ಇ. ಕೊಲೈಯೂ ಬೆಳೆದು ಗುಲಾಬಿ ಬಣ್ಣ ತೋರುತ್ತದೆ, ಹಿನ್ನೀರಿನ ಹೆಬ್ಬಾತುಗಳೆಲ್ಲ ಔಷಧ ನಿರೋಧಕ ಎಂದು ವರದಿ ಹೊರಡುತ್ತದೆ. ಹಾಗಾಗಿ ಪ್ರತಿ ಬ್ಯಾಚಿನ ಒಂದು ಪ್ಲೇಟಿಗೆ ಎಟಿಸಿಸಿ 25922 ಹಚ್ಚಿ, ಅದು ಬೆಳೆಯಬಾರದು. ಇನ್ನೊಂದಕ್ಕೆ ಇಎಸ್‌ಬಿಎಲ್ ಇರುವ ಕ್ಲೆಬ್ಸಿಯೆಲ್ಲಾ ಎಟಿಸಿಸಿ 700603 ಹಚ್ಚಿ, ಅದು ಬೆಳೆಯಬೇಕು. ಹತ್ತು ಪ್ಲೇಟಿನ ಪ್ಯಾಕಿನಲ್ಲಿ ಎರಡು ಇದಕ್ಕೇ ಹೋಗುತ್ತವೆ ಎಂದು ಖರೀದಿ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಲ್ಯಾಬುಗಳು ಬಿಟ್ಟುಬಿಡುವ ಖರ್ಚು ಇದೇ.

ಇನ್ನೊಂದು ದಾರಿ, ಕರುಳಿನ ಬ್ಯಾಕ್ಟೀರಿಯಾ ಬೆಳೆಸುವ ಮೆಕಾಂಕಿ ಅಗರ್‌ಗೆ ಸೆಫೊಟ್ಯಾಕ್ಸಿಮ್ ಎಂಬ ಸೆಫಲೋಸ್ಪೊರಿನ್ ಔಷಧ ಸೇರಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಟ್ರೈಸೈಕಲ್ ವಿಧಾನವೂ ಲೀಟರಿಗೆ 4 ಮಿಲಿಗ್ರಾಂ ಸೆಫೊಟ್ಯಾಕ್ಸಿಮ್ ಅಳತೆಯನ್ನೇ ಇಟ್ಟುಕೊಂಡಿದೆ. ಮನುಷ್ಯ, ಪ್ರಾಣಿ, ಪರಿಸರ ಮೂರರಲ್ಲೂ ಇಎಸ್‌ಬಿಎಲ್ ಇ. ಕೊಲೈಯನ್ನು ಒಟ್ಟಿಗೆ ಹಿಂಬಾಲಿಸುವ ವಿಧಾನ ಅದು. ಹಕ್ಕಿಗೂ ಅದೇ ಅಳತೆ ಇಟ್ಟುಕೊಂಡರೆ ಬೇರೆಯವರ ಅಂಕಿಗಳ ಜೊತೆ ಹೋಲಿಸಬಹುದು.

ಮಾಡುವ ಬಗೆ ಹೀಗೆ. ಔಷಧಿ ಅಂಗಡಿಯ 1 ಗ್ರಾಂ ಸೆಫೊಟ್ಯಾಕ್ಸಿಮ್ ಇಂಜೆಕ್ಷನ್ ಸೀಸೆ ಒಳ್ಳೆಯ ತಯಾರಕರದ್ದಾದರೆ ಜರಡಿ ಹಿಡಿಯುವ ಈ ಪ್ಲೇಟಿಗೆ ಆಗುತ್ತದೆ. ಸಂಶೋಧನೆ ಪ್ರಕಟಿಸುವವರು ಶುದ್ಧತೆ ನಮೂದಿಸಿದ ಪ್ರಯೋಗಾಲಯದ ಪುಡಿಯನ್ನೇ ಕೊಳ್ಳಲಿ. ಸೀಸೆಯ 1 ಗ್ರಾಂ ಅನ್ನು ಬರಡು ಮಾಡಿದ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಒಟ್ಟು 10 ಮಿಲಿಲೀಟರಿಗೆ ತನ್ನಿ. ಅದರ 1 ಮಿ.ಲೀ.ಗೆ 24 ಮಿ.ಲೀ. ನೀರು ಸೇರಿಸಿದರೆ ಮಿಲಿಲೀಟರಿಗೆ 4 ಮಿಲಿಗ್ರಾಂ ಆಯಿತು. ಒಂದೊಂದು ಮಿ.ಲೀ. ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 20 ಡಿಗ್ರಿಯಲ್ಲಿ ಇಡಿ. ಒಂದು ಟ್ಯೂಬು ಒಂದು ಲೀಟರ್ ಅಗರ್‌ಗೆ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಕರೆಂಟು ಹೋಗಿ ಫ್ರೀಜರ್ ನೀರು ಬಿಟ್ಟ ದಿನ ಆ ಟ್ಯೂಬುಗಳೆಲ್ಲ ಕಸಕ್ಕೆ. ಇದಕ್ಕೆಂದೇ ಫ್ರೀಜರಿನಲ್ಲಿ ಒಂದು ಲೋಟ ಐಸು ಕಟ್ಟಿ ಮೇಲೆ ಒಂದು ನಾಣ್ಯ ಇಟ್ಟಿರಿ. ಬೆಳಿಗ್ಗೆ ನಾಣ್ಯ ತಳಕ್ಕೆ ಇಳಿದಿದ್ದರೆ ರಾತ್ರಿ ಕರಗಿ ಮತ್ತೆ ಗಟ್ಟಿಯಾಗಿದೆ.

ಮೆಕಾಂಕಿ ಪುಡಿ ಲೀಟರಿಗೆ ಸುಮಾರು 50 ಗ್ರಾಂ, ಡಬ್ಬಿಯ ಮೇಲಿನ ಅಳತೆ ನೋಡಿ ಹಾಕಿ. 121 ಡಿಗ್ರಿಯಲ್ಲಿ 15 ನಿಮಿಷ ಆಟೊಕ್ಲೇವ್. ಹೊರತೆಗೆದ ಮೇಲೆ 50 ಡಿಗ್ರಿಗೆ ಇಳಿಯುವವರೆಗೆ ವಾಟರ್ ಬಾತ್‌ನಲ್ಲಿ ಕಾಯಿರಿ. ಅವಸರ ಮಾಡುವವರು ತಪ್ಪುವುದು ಇಲ್ಲೇ. ಬಿಸಿ ಅಗರ್‌ಗೆ ಔಷಧ ಸುರಿದರೆ ಅದು ಅಲ್ಲೇ ಕೆಡುತ್ತದೆ, ಪ್ಲೇಟು ನೋಡಲು ಮಾತ್ರ ಸರಿಯಿರುತ್ತದೆ. ಔಷಧ ಹಾಕಿ, ಗುಳ್ಳೆ ಏಳದಂತೆ ತಿರುಗಿಸಿ, 90 ಮಿ.ಮೀ. ಪ್ಲೇಟಿಗೆ 20 ಮಿ.ಲೀ.ನಂತೆ ಸುರಿಯಿರಿ. ಲೀಟರಿಗೆ ಲೆಕ್ಕದಲ್ಲಿ 50 ಪ್ಲೇಟು, ಚೆಲ್ಲಿದ್ದು ಉಳಿದದ್ದು ಕಳೆದು ನಲವತ್ತೈದರ ಮೇಲೆ. ಪ್ಲಾಸ್ಟಿಕ್ ಸುತ್ತಿ, ತಲೆಕೆಳಗಾಗಿ, 2ರಿಂದ 8 ಡಿಗ್ರಿಯಲ್ಲಿ ಎರಡು ವಾರದವರೆಗೆ ಇಡಬಹುದು. ಕಂಟ್ರೋಲ್ ತಳಿಗಳ ಪರೀಕ್ಷೆ ಇಲ್ಲಿಯೂ ಅದೇ. ವ್ಯತ್ಯಾಸ ಏನೆಂದರೆ ನಲವತ್ತೈದರಲ್ಲಿ ಎರಡು ಹೋದರೆ ಹೊಟ್ಟೆ ಉರಿಯುವುದಿಲ್ಲ.

ಸ್ವಾಬನ್ನು ನೇರ ಪ್ಲೇಟಿಗೆ ಹಚ್ಚುವುದಕ್ಕಿಂತ, ಮೊದಲು 10 ಮಿ.ಲೀ. ಬಫರ್ಡ್ ಪೆಪ್ಟೋನ್ ನೀರಿನಲ್ಲಿ 37 ಡಿಗ್ರಿಗೆ 18ರಿಂದ 24 ಗಂಟೆ ಬೆಳೆಸಿ, 10 ಮೈಕ್ರೋಲೀಟರ್ ಲೂಪಿನಿಂದ ಗೀರಿದರೆ ಕಡಿಮೆ ಸಂಖ್ಯೆಯಲ್ಲಿರುವುದೂ ಸಿಗುತ್ತದೆ. ಹುಲ್ಲು ಮೇಯುವ ಹೆಬ್ಬಾತಿನಲ್ಲಿ ಇದು ಮುಖ್ಯ. ತಿಪ್ಪೆ ಕೆದಕುವ ಹದ್ದು, ಕಾಗೆ, ಕಡಲಹಕ್ಕಿಗಳಲ್ಲಿ ನೇರ ಹಚ್ಚಿದರೂ ಸಿಗುವ ಸಂಭವ ಹೆಚ್ಚು. ಹೀಗೆ ಬೆಳೆಸಿ ನೋಡಿದ್ದು ಇದೆಯೋ ಇಲ್ಲವೋ ಎಂಬುದಕ್ಕೆ ಮಾತ್ರ ಉತ್ತರ, ಎಷ್ಟಿದೆ ಎಂಬುದಕ್ಕಲ್ಲ.

ಮರುದಿನ ಪ್ಲೇಟು ತೆಗೆದಾಗ ಇ. ಕೊಲೈ ಗುಲಾಬಿ ಬಣ್ಣದ ಒಣ ವಸಾಹತು, ಸುತ್ತ ಪಿತ್ತಲವಣ ಗಟ್ಟಿಯಾದ ಮಬ್ಬು ಗುಲಾಬಿ ಮೋಡ. ಕ್ಲೆಬ್ಸಿಯೆಲ್ಲಾ ಕೂಡ ಗುಲಾಬಿಯೇ, ಆದರೆ ಉಬ್ಬಿಕೊಂಡು ಲೋಳೆಲೋಳೆ. ಬಣ್ಣವಿಲ್ಲದವು ಲ್ಯಾಕ್ಟೋಸ್ ಹುಳಿಸದವು, ಕೆರೆಯಿಂದ ಬಂದವೇ ಹೆಚ್ಚು. ಕೆಸರು ಹತ್ತಿದ ಮಾದರಿಯಲ್ಲಿ ಇವೇ ಪ್ಲೇಟು ತುಂಬಿಬಿಡುತ್ತವೆ, ಮೆಕಾಂಕಿಯ ದೌರ್ಬಲ್ಯ ಇದು. ಇನ್‌ಕ್ಯುಬೇಟರ್ ನಿಖರವಿದ್ದರೆ ಪ್ಲೇಟನ್ನು 44 ಡಿಗ್ರಿಯಲ್ಲಿ ಇಡಿ. ಇ. ಕೊಲೈ ತಡೆದುಕೊಳ್ಳುತ್ತದೆ, ನೀರಿನ ಬ್ಯಾಕ್ಟೀರಿಯಾಗಳಲ್ಲಿ ಹಲವು ಹಿಂಜರಿಯುತ್ತವೆ. ಅನುಮಾನದ ವಸಾಹತನ್ನು ಔಷಧವಿಲ್ಲದ ಪ್ಲೇಟಿಗೆ ಬದಲಿಸಿ ಶುದ್ಧ ಮಾಡಿ, ಆಕ್ಸಿಡೇಸ್ ಮತ್ತು ಇಂಡೋಲ್ ನೋಡಿ. ಇ. ಕೊಲೈ ಆಕ್ಸಿಡೇಸ್ ಋಣ, ಇಂಡೋಲ್ ಧನ. ಕೊವ್ಯಾಕ್ಸ್ ದ್ರಾವಣ ಹಾಕಿದಾಗ ಮೇಲ್ಪದರ ಚೆರ್ರಿ ಕೆಂಪಾಗಬೇಕು. ಈ ಎರಡು ಪರೀಕ್ಷೆಗೆ ತಗಲುವ ಒಂದು ದಿನವೇ ಬಣ್ಣದ ಪ್ಲೇಟಿಗೂ ಕೈಪ್ಲೇಟಿಗೂ ಇರುವ ನಿಜವಾದ ಅಂತರ. ಆ ಒಂದು ದಿನವನ್ನು ದುಡ್ಡು ಕೊಟ್ಟು ಕೊಳ್ಳಬೇಕಾದವರು ಇದ್ದಾರೆ: ದಿನಕ್ಕೆ ನೂರಾರು ಮಾದರಿ ನೋಡುವ ದೊಡ್ಡ ಲ್ಯಾಬುಗಳು. ಸೀಸನ್ನಿಗೆ ಕೆಲವು ಡಜನ್ ಮಾದರಿ ನೋಡುವ ಕಾಲೇಜಿಗೆ ಆ ಅಗತ್ಯವಿಲ್ಲ.

ಡಿಸ್ಕುಗಳ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಪ್ಲೇಟಿನಲ್ಲಿ ಬೆಳೆಯಿತು ಎಂದ ಮಾತ್ರಕ್ಕೆ ಇಎಸ್‌ಬಿಎಲ್ ಆಗುವುದಿಲ್ಲ. ಆಂಪ್‌ಸಿ ಎಂಬ ಬೇರೆ ಕಿಣ್ವ ಇರುವ ತಳಿಯೂ ಬೆಳೆಯುತ್ತದೆ. ಖಚಿತಪಡಿಸಲು ಸೆಫೊಟ್ಯಾಕ್ಸಿಮ್ 30 ಮೈಕ್ರೋಗ್ರಾಂ ಡಿಸ್ಕ್, ಪಕ್ಕದಲ್ಲಿ ಅದಕ್ಕೇ 10 ಮೈಕ್ರೋಗ್ರಾಂ ಕ್ಲಾವುಲನಿಕ್ ಆಮ್ಲ (ಇಎಸ್‌ಬಿಎಲ್ ಕಿಣ್ವವನ್ನು ತಡೆಯುವಂಥದ್ದು) ಸೇರಿಸಿದ ಡಿಸ್ಕ್. ಸೆಫ್ಟಾಜಿಡಿಮ್‌ನದ್ದೂ ಹಾಗೆಯೇ ಒಂದು ಜೋಡಿ. ಕ್ಲಾವುಲನಿಕ್ ಇರುವ ಡಿಸ್ಕಿನ ಸುತ್ತಲಿನ ಬಯಲು, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ, ಇಲ್ಲದಿರುವುದಕ್ಕಿಂತ 5 ಮಿ.ಮೀ. ಅಥವಾ ಹೆಚ್ಚು ಅಗಲವಾದರೆ ಇಎಸ್‌ಬಿಎಲ್. ಎರಡೂ ಜೋಡಿ ಬೇಕು, ಕೆಲವು ತಳಿ ಒಂದರಲ್ಲಿ ಮಾತ್ರ ಸಿಕ್ಕಿಬೀಳುತ್ತವೆ. ಎರಡೂ ಬಯಲು ಕಿರಿದಾಗಿ ವ್ಯತ್ಯಾಸವಿಲ್ಲದಿದ್ದು, ಸೆಫಾಕ್ಸಿಟಿನ್‌ಗೂ ಜಗ್ಗದಿದ್ದರೆ ಆಂಪ್‌ಸಿ ಶಂಕೆ. ಸೆಫೊಟ್ಯಾಕ್ಸಿಮ್ ಬಯಲು 26 ಮಿ.ಮೀ. ಅಥವಾ ಹೆಚ್ಚಿದ್ದರೆ ತಳಿ ಜಗ್ಗುತ್ತದೆ, 22 ಮತ್ತು ಕೆಳಗೆ ಜಗ್ಗುವುದಿಲ್ಲ. ಕೊನೆಯ ಅಸ್ತ್ರವೆನಿಸಿದ ಮೆರೊಪೆನೆಮ್ ಔಷಧದ 10 ಮೈಕ್ರೋಗ್ರಾಂ ಡಿಸ್ಕನ್ನು ಜೊತೆಗಿಡಲೇಬೇಕು: 23 ಅಥವಾ ಹೆಚ್ಚಿದ್ದರೆ ಸರಿ, 19 ಮತ್ತು ಕೆಳಗಾದರೆ ಕೆಲಸ ಅಲ್ಲೇ ನಿಲ್ಲಿಸಿ ತಳಿಯನ್ನು ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ಖಚಿತಪಡಿಸಿಕೊಳ್ಳಿ.

ಈ ಅಂಕಿಗಳಿಗೆ ಅರ್ಥ ಬರುವುದು ಉಳಿದದ್ದೆಲ್ಲ ಸರಿಯಿದ್ದರೆ. ಡಿಸ್ಕ್ ಇಡುವ ಮುಲ್ಲರ್-ಹಿಂಟನ್ ಅಗರ್ 4 ಮಿ.ಮೀ. ದಪ್ಪ ಇರಬೇಕು. ತೆಳುವಾದರೆ ಬಯಲು ದೊಡ್ಡದಾಗಿ ಜಗ್ಗದ್ದೂ ಜಗ್ಗಿದಂತೆ ಕಾಣುತ್ತದೆ. 0.5 ಮೆಕ್‌ಫರ್ಲ್ಯಾಂಡ್ ಮಂದ, 15 ನಿಮಿಷದೊಳಗೆ ಹಚ್ಚುವುದು, 90 ಮಿ.ಮೀ. ಪ್ಲೇಟಿಗೆ ಐದಕ್ಕಿಂತ ಹೆಚ್ಚು ಡಿಸ್ಕ್ ಇಡದಿರುವುದು, 16ರಿಂದ 18 ಗಂಟೆ, 35 ಡಿಗ್ರಿ ಆಸುಪಾಸು. ನಮ್ಮ ಬೋರಿನ ನೀರು ಗಡಸು, ಅದರ ಲವಣಗಳು ಕೆಲವು ಔಷಧಗಳ ಬಯಲನ್ನು ಬದಲಿಸುತ್ತವೆ. ಡಿಸ್ಟಿಲ್ಡ್ ನೀರೇ ಆಗಬೇಕು, ಬ್ಯಾಟರಿ ವಾಟರ್ ಕ್ಯಾನ್ ತಂದು ಮುಲ್ಲರ್-ಹಿಂಟನ್ ಕಾಯಿಸುವುದು ಬೇಡ. ಮಾರ್ಚ್ ಹೊತ್ತಿಗೆ ರಾಯಚೂರಿನ ಕೋಣೆಯೇ 37 ಡಿಗ್ರಿ ಮುಟ್ಟುತ್ತದೆ. ಸಾಮಾನ್ಯ ಇನ್‌ಕ್ಯುಬೇಟರಿಗೆ ಬಿಸಿ ಮಾಡಲು ಗೊತ್ತು, ತಂಪು ಮಾಡಲು ಗೊತ್ತಿಲ್ಲ. ಹೊರಗೆ 37 ಇದ್ದರೆ ಒಳಗೆ 40 ಆಗುತ್ತದೆ, ಡಿಸ್ಕಿನ ಓದು ಲೆಕ್ಕಕ್ಕೆ ಬಾರದು. ತಂಪು ಮಾಡುವ ಬಿಓಡಿ ಇನ್‌ಕ್ಯುಬೇಟರ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಡಿಸ್ಕಿನ ಕೆಲಸ ಫೆಬ್ರವರಿ ಒಳಗೆ ಮುಗಿಸಿ.

ಡಿಸ್ಕಿನ ಕಾರ್ಟ್ರಿಡ್ಜ್ ಫ್ರಿಜ್ಜಿನಿಂದ ತೆಗೆದ ಕೂಡಲೇ ಬಿಚ್ಚಬಾರದು. ತೇವ ಹಿಡಿದು ಬೀಟಾಲ್ಯಾಕ್ಟಮ್ (ಪೆನಿಸಿಲಿನ್, ಸೆಫಲೋಸ್ಪೊರಿನ್ ಬಳಗದ) ಔಷಧ ಸಾಯುತ್ತದೆ, ಕ್ಲಾವುಲನಿಕ್ ಆಮ್ಲ ಎಲ್ಲಕ್ಕಿಂತ ಮೊದಲು. ಮುಚ್ಚಿದ ಹಾಗೆಯೇ ಒಂದು ಗಂಟೆ ಹೊರಗಿಟ್ಟು ಆಮೇಲೆ ಬಿಚ್ಚಿ. ಉಳಿದದ್ದನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ವಾಪಸಿಡಿ. ಪ್ರತಿ ಸಲವೂ ಕಂಟ್ರೋಲ್: 25922ಕ್ಕೆ ಸೆಫೊಟ್ಯಾಕ್ಸಿಮ್ ಬಯಲು 29ರಿಂದ 35 ಮಿ.ಮೀ. ಒಳಗೆ ಬರಬೇಕು, ಕ್ಲಾವುಲನಿಕ್ ಸೇರಿದಾಗ 2 ಮಿ.ಮೀ.ಗಿಂತ ಹೆಚ್ಚು ಬೆಳೆಯಬಾರದು. 700603ಕ್ಕೆ ಸೆಫ್ಟಾಜಿಡಿಮ್ ಜೋಡಿಯಲ್ಲಿ ಕನಿಷ್ಠ 5, ಸೆಫೊಟ್ಯಾಕ್ಸಿಮ್ ಜೋಡಿಯಲ್ಲಿ ಕನಿಷ್ಠ 3 ಮಿ.ಮೀ. ವ್ಯತ್ಯಾಸ ಬರಬೇಕು. ಬರದಿದ್ದರೆ ಡಿಸ್ಕ್ ಸತ್ತಿದೆ, ಆ ದಿನದ ಓದನ್ನು ಬಿಟ್ಟುಬಿಡಿ.

ಕೊಲಿಸ್ಟಿನ್ ಡಿಸ್ಕ್ ಅಂತೂ ಕೊಳ್ಳಲೇಬೇಡಿ. ಆ ಔಷಧದ ಅಣು ದೊಡ್ಡದು, ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಬಯಲು ನೋಡಿ ಹೇಳಿದ್ದು ನಂಬುವಂತಿಲ್ಲ. 2015ರಲ್ಲಿ ಚೀನಾದಿಂದ, ಕೊಲಿಸ್ಟಿನ್‌ಗೆ ಜಗ್ಗದಂತೆ ಮಾಡುವ ಎಂಸಿಆರ್-1 ಜೀನ್ ವರದಿಯಾದ ಮೇಲೆ, 2019ರ ಜುಲೈನಲ್ಲಿ ಭಾರತ ಆಹಾರಕ್ಕೆ ಸಾಕುವ ಪ್ರಾಣಿ, ಕೋಳಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿದ ಮೇಲೆ, ಕೋಳಿ ಉದ್ದಿಮೆ ದೊಡ್ಡದಾಗಿರುವ ನಮ್ಮ ಜಿಲ್ಲೆಗಳಲ್ಲಿ ಇದನ್ನು ನೋಡುವ ಆಸೆ ಸಹಜ. ಆದರೆ ಅದಕ್ಕೆ ದ್ರವ ಮಾಧ್ಯಮದ ಮೈಕ್ರೋಡೈಲ್ಯೂಷನ್ನೇ (ಔಷಧದ ಬೇರೆ ಬೇರೆ ಪ್ರಮಾಣದಲ್ಲಿ ಬೆಳೆಸಿ ನೋಡುವುದೇ) ಸರಿಯಾದ ದಾರಿ. ಸೌಲಭ್ಯವಿಲ್ಲದಿದ್ದರೆ ತಳಿಯನ್ನು ಗ್ಲಿಸರಾಲ್‌ನಲ್ಲಿ ಹೆಪ್ಪುಗಟ್ಟಿಸಿ ಇಟ್ಟುಕೊಂಡು ಸೌಲಭ್ಯ ಇರುವವರಿಗೆ ಕೊಡಿ.

ಫಲಿತಾಂಶ ಬಂದ ಮೇಲೆ ಪತ್ರಿಕೆಗೆ ಕೊಡುವ ಅವಸರದಲ್ಲಿ ‘ವಿದೇಶಿ ಹಕ್ಕಿಗಳಿಂದ ರೋಗ’ ಎಂದು ಬರೆಯಿಸಬೇಡಿ. ಜನವರಿಯಲ್ಲಿ ಸಿಕ್ಕ ಇ. ಕೊಲೈ ಮಂಗೋಲಿಯಾದಿಂದ ಬಂತೋ, ವಾರದ ಹಿಂದೆ ಇಲ್ಲಿನ ಕಾಲುವೆ ನೀರಿನಲ್ಲಿ ಹತ್ತಿತೋ, ಡಿಸ್ಕ್ ಹೇಳಲಾರದು. ಕರುಳಿನ ಇ. ಕೊಲೈ ಬದಲಾಗುತ್ತಲೇ ಇರುತ್ತದೆ. ಹಕ್ಕಿ ಬಂದಿಳಿದ ಮೊದಲ ವಾರದ ಮಾದರಿ, ಮರಳುವ ಮುಂಚಿನ ಮಾದರಿ, ಇಲ್ಲೇ ಇರುವ ಹಕ್ಕಿ, ಕುರಿ, ನೀರಿನ ಮಾದರಿ, ಇವನ್ನು ಪಕ್ಕಪಕ್ಕ ಇಟ್ಟರೆ ದಿಕ್ಕಿನ ಸುಳಿವು ಸಿಗುತ್ತದೆ. ನಿಜವಾದ ಉತ್ತರಕ್ಕೆ ಜೀನೋಮ್ ಓದಬೇಕು. ತಪ್ಪು ತಲೆಬರಹ ಒಂದು ಬಂದರೆ ದಂಡೆಯ ಹಕ್ಕಿಗಳಿಗೆ ಕಲ್ಲು ಬೀಳುತ್ತದೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರವೂ ಗದಗ ಜಿಲ್ಲೆಯ ಮಾಗಡಿ ಕೆರೆಯೂ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿವೆ. ಊರವರು ಹಕ್ಕಿಗಳನ್ನು ಕಾದುಕೊಂಡದ್ದರಿಂದ ಉಳಿದ ಜಾಗಗಳು ಅವು.

ಅಂಥ ಸಂರಕ್ಷಿತ ಜಾಗಗಳಲ್ಲಿ ಹಿಕ್ಕೆ ಎತ್ತಲೂ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಹಕ್ಕಿ ಹಿಡಿಯುವುದಂತೂ ಅನುಮತಿಯಿಲ್ಲದೆ ಅಪರಾಧ. ಗ್ಲೌಸ್, ಎನ್-95 ಮಾಸ್ಕ್, ತೊಳೆಯಬಹುದಾದ ಗಂಬೂಟು ಕಡ್ಡಾಯ. ಸತ್ತ ಅಥವಾ ಕತ್ತು ತಿರುಚಿಕೊಂಡು ತೂಗಾಡುವ ಹಕ್ಕಿ ಕಂಡರೆ ಮಾದರಿ ತೆಗೆಯದೆ ಹೊರಬಂದು ಪಶುಪಾಲನಾ ಇಲಾಖೆಗೆ ತಿಳಿಸಿ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಸತ್ತಾಗ ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಹೆಚ್ಚಿದ್ದವು. ಅಂಥ ಮಾದರಿ ಕಾಲೇಜು ಲ್ಯಾಬಿಗೆ ಬರಲೇಬಾರದು. ಶಾಲೆಗಳಲ್ಲಿ ಈ ಕೆಲಸ ಯಾವ ರೂಪದಲ್ಲೂ ಬೇಡ. ಬೆಳೆದ ಪ್ಲೇಟುಗಳನ್ನು 121 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಆಟೊಕ್ಲೇವ್ ಮಾಡಿ ಹಳದಿ ಚೀಲದಲ್ಲಿ ಜೈವಿಕ ತ್ಯಾಜ್ಯದವರಿಗೆ ಕೊಡಬೇಕು. ಅಡುಗೆಯ ಪ್ರೆಶರ್ ಕುಕ್ಕರಿನಲ್ಲಿ ಅಗರ್ ಕಾಯಿಸುವ ಲ್ಯಾಬುಗಳು ತ್ಯಾಜ್ಯಕ್ಕೂ ಅದನ್ನೇ ನಂಬಬಾರದು.

ಆರ್ಡರ್ ಅಕ್ಟೋಬರ್ ಮೊದಲ ವಾರ ಹಾಕಿ, ಡೆಲಿವರಿ ಸೋಮವಾರ ಅಥವಾ ಮಂಗಳವಾರ ಎಂದು ಬರೆಯಿಸಿ. ಸ್ವಾಬ್, ಡಿಸ್ಕ್, ಎರಡು ಎಟಿಸಿಸಿ ತಳಿ, ಮೆಕಾಂಕಿ ಮತ್ತು ಮುಲ್ಲರ್-ಹಿಂಟನ್ ಪುಡಿ ಒಂದೇ ಸಲ ಬರಲಿ. ದುಡ್ಡು ಮಿಕ್ಕರೆ ಬಣ್ಣದ ಪ್ಲೇಟಿನ ಒಂದೇ ಒಂದು ಪ್ಯಾಕ್ ತರಿಸಿ, ಕೆಸರು ಹತ್ತಿದ ಮಾದರಿಗಳಿಗೆಂದು ಎತ್ತಿಡಿ.